ನವಿಲಿನ ಗುರುತು

ಪಕ್ಷಿಗಳಲ್ಲಿ ನವಿಲಿಗೆ ದೊರೆತಷ್ಟು ಮನ್ನಣೆ ನಮ್ಮ ನಾಡಿನಲ್ಲಿ ಬೇರೆ ಯಾವುದಕ್ಕೂ ದೊರೆತಿಲ್ಲ. ಅದು ಷಣ್ಮುಖನ ವಾಹನ. ಅದರ ಗರಿ ಕೃಷ್ಣನ ಮುಡಿಯ ಒಡವೆ. ಹಳಗನ್ನಡದ ಕವಿಗಳಿಗೆ ನವಿಲಿಲ್ಲದ ಮಳೆಗಾಲದ ವರ್ಣನೆ ವರ್ಣನೆಯೇ ಅಲ್ಲ. ೧೯೬೩ರಲ್ಲಿ ಅದನ್ನು ಭಾರತದ ರಾಷ್ಟ್ರಪಕ್ಷಿಯೆಂದು ಘೋಷಿಸಲಾಯಿತು. ಅದರ ಉದ್ದನೆಯ ಗರಿಗಳ ಸಮೂಹಕ್ಕೆ ಕನ್ನಡದಲ್ಲಿ ‘ಸೋಗೆ’ ಎಂಬ ಚೆಲುವಾದ ಹೆಸರಿದೆ. ಉತ್ತರ ಕನ್ನಡ ಜಿಲ್ಲೆಯ ಮಕ್ಕಳಿಗೆ ಸೋಗೆ ಎಂದೊಡನೆ ಅಡಿಕೆ ಮರದ ಗರಿ ನೆನಪಾಗಬಹುದು. ಎರಡೂ ನೀಳವಾಗಿ ಇಳಿಬಿದ್ದು ಗಾಳಿಗೆ ತೂಗುವಂಥವು. ಒಂದೇ ಮಾತು ಎರಡಕ್ಕೂ ಒಪ್ಪುತ್ತದೆ. ಹೊನ್ನಾವರ ತಾಲ್ಲೂಕಿನಲ್ಲಿ ನವಿಲಗೋಣ ಎಂಬ ಊರೇ ಇದೆ.

ಆದರೆ ಇಷ್ಟು ಪರಿಚಿತವಾದ ಪಕ್ಷಿಯನ್ನು ನಾವು ನಿಜವಾಗಿ ಬಲ್ಲೆವೆ? ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಯಾವುದೋ ಒಂದು ಗೇರುಗುಡ್ಡದಲ್ಲಿ ಬಿಳಿಯ ನವಿಲೊಂದು ಕಾಣಿಸಿತೆಂದು ಇಟ್ಟುಕೊಳ್ಳೋಣ. ಊರಿನಲ್ಲಿ ಸುದ್ದಿ ಹಬ್ಬುತ್ತದೆ. “ಇದು ಅಪರೂಪದ ಜಾತಿ, ಹೀಗೆಯೇ ಬಿಟ್ಟರೆ ನಾಯಿಯ ಬಾಯಿಗೆ ಬಿದ್ದೀತು. ಹಿಡಿದು ಸಾಕೋಣ, ಜೋಡಿ ಕೂಡಿಸಿ ಮರಿ ಮಾಡಿಸೋಣ” ಎಂದು ಒಬ್ಬರು ಹೇಳುತ್ತಾರೆ. ಅವರ ಉದ್ದೇಶ ಕೆಟ್ಟದ್ದೇನೂ ಅಲ್ಲ. ಆದರೂ ಇಲ್ಲಿ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಅದು ನಿಜವಾಗಿ ಬೇರೊಂದು ಜಾತಿಯೇ? ಆಗಿದ್ದರೆ, ಹಿಡಿದು ಮರಿ ಮಾಡಿಸುವುದರಿಂದ ಆ ಜಾತಿ ಉಳಿಯುತ್ತದೆಯೇ? ಮೊದಲನೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವನು ಎರಡನೆಯದರಲ್ಲಿ ತಪ್ಪಿಯೇ ತಪ್ಪುತ್ತಾನೆ. ಉಳಿಸುವುದಕ್ಕೆ ಮುಂಚೆ ಗುರುತಿಸಲು ಕಲಿಯಬೇಕೆಂಬುದೇ ಈ ಪಾಠದ ವಿಷಯ.

ನಾವು ದಿನಬಳಕೆಯಲ್ಲಿ ‘ಜಾತಿ’ ಎಂಬ ಒಂದೇ ಮಾತನ್ನು ಹಲವು ಅರ್ಥಗಳಲ್ಲಿ ಬಳಸುತ್ತೇವೆ. ವಿಜ್ಞಾನಿಗಳು ಅದನ್ನು ಮೂರಾಗಿ ಬಿಡಿಸಿ ಹೇಳುತ್ತಾರೆ: ಪ್ರಭೇದ, ಉಪಪ್ರಭೇದ ಮತ್ತು ತಳಿ. ಕಾಡಿನಲ್ಲಿ ತಮ್ಮತಮ್ಮಲ್ಲೇ ಕೂಡಿ ಸಂತತಿಯನ್ನು ಮುಂದುವರಿಸಿಕೊಂಡು ಬಂದಿರುವ ಜೀವಿಗಳ ಬಳಗ ಒಂದು ಪ್ರಭೇದ. ಅದೇ ಪ್ರಭೇದದ ಜೀವಿಗಳು ಬೆಟ್ಟ, ಕಡಲು, ಬಯಲುಗಳಿಂದ ಬೇರ್ಪಟ್ಟು ಸಾವಿರಾರು ವರ್ಷ ಬೇರೆ ಬೇರೆ ಪ್ರದೇಶಗಳಲ್ಲಿ ಬಾಳಿದಾಗ ಅವುಗಳ ಬಣ್ಣದಲ್ಲಿ, ಗಾತ್ರದಲ್ಲಿ ನಿಯತವಾದ ವ್ಯತ್ಯಾಸಗಳು ನೆಲೆಗೊಳ್ಳುತ್ತವೆ. ಹೀಗೆ ನೆಲದೊಂದಿಗೆ ಗಂಟುಬಿದ್ದ ಕವಲುಗಳೇ ಉಪಪ್ರಭೇದಗಳು. ಪಶ್ಚಿಮ ಘಟ್ಟದ ಮರಗಳ ತುದಿಯಲ್ಲಿ ನೆಗೆದಾಡುವ ಕೇಶಳಿಲನ್ನು ಇದಕ್ಕೆ ನಿದರ್ಶನವಾಗಿ ಹೇಳಬಹುದು. ಉತ್ತರದಿಂದ ದಕ್ಷಿಣಕ್ಕೆ ಹೋದಂತೆ ಅದರ ಮೈಬಣ್ಣ ಮಾರ್ಪಡುತ್ತದೆ. ಆ ಬಣ್ಣ ಮತ್ತು ನೆಲೆಗಳನ್ನು ಆಧರಿಸಿ ಅದರಲ್ಲಿ ಹಲವು ಉಪಪ್ರಭೇದಗಳನ್ನು ಗುರುತಿಸಿದ್ದಾರೆ. ಗುಜರಾತಿನ ಡಾಂಗ್ ಕಾಡುಗಳಲ್ಲಿದ್ದ ಮಾಸಲು ಬಣ್ಣದ ಉಪಪ್ರಭೇದ ಅಳಿದುಹೋಯಿತೆಂದೇ ಭಾವಿಸಲಾಗಿದೆ. ಕೇಶಳಿಲು ಇನ್ನೂ ಉಳಿದಿದೆ, ನಿಜ. ಆದರೆ ಅದರ ಒಂದು ಕವಲು ಹೋಯಿತು. ಉಪಪ್ರಭೇದವೊಂದರ ನಾಶವೆಂದರೆ ಹೀಗೆ, ಮರ ನಿಂತಿರುವಾಗಲೇ ಕೊಂಬೆ ಮುರಿದು ಬಿದ್ದಂತೆ. ಹೆಚ್ಚಿನವರ ಗಮನಕ್ಕೆ ಅದು ಬರುವುದೇ ಇಲ್ಲ.

ತಳಿಯೆಂಬುದು ಇದಕ್ಕಿಂತ ಭಿನ್ನವಾದದ್ದು. ಅದು ಮನುಷ್ಯನ ಆಶ್ರಯದಲ್ಲಿ, ಮನುಷ್ಯನ ಆಯ್ಕೆಗೆ ಒಳಪಟ್ಟು ರೂಪುಗೊಂಡದ್ದು. ಉತ್ತರ ಕನ್ನಡದ ಮನೆಮನೆಯ ಕೊಟ್ಟಿಗೆಗಳಲ್ಲಿ ಕಾಣುವ, ಮೂರು ಅಡಿಯ ಆಸುಪಾಸಿನ ಎತ್ತರದ ಮಲೆನಾಡು ಗಿಡ್ಡ ಹಸು ಅಂಥ ಒಂದು ತಳಿ. ತಲೆಮಾರುಗಳಿಂದ ಇಲ್ಲಿಯ ರೈತರು ಅದನ್ನು ಸಾಕುತ್ತ ಬಂದಿದ್ದರೂ, ಅದೊಂದು ಪ್ರತ್ಯೇಕ ತಳಿಯೆಂದು ಕರ್ನಾಲಿನ ರಾಷ್ಟ್ರೀಯ ಸಂಸ್ಥೆಯು ದಾಖಲಿಸಿಕೊಂಡದ್ದು ೨೦೧೨ರಲ್ಲಿ. ಅದಕ್ಕೆ ಮೊದಲು ಅನೇಕರ ಕಣ್ಣಿಗೆ ಅದು ಹಾಲು ಕಡಿಮೆ ಕೊಡುವ ಗಿಡ್ಡ ದನವಷ್ಟೇ ಆಗಿತ್ತು. ಗುರುತು ದೊರೆತ ಮೇಲೆಯೇ ಒಂದು ಜೀವಿಗೆ ರಕ್ಷಣೆಯ ಮಾತು ಹುಟ್ಟುತ್ತದೆಯೆಂಬುದಕ್ಕೆ ನಮ್ಮ ಕೊಟ್ಟಿಗೆಯೇ ಸಾಕ್ಷಿ.

ಇನ್ನು ನವಿಲಿನ ವಿಷಯಕ್ಕೆ ಬರೋಣ. ಜಗತ್ತಿನಲ್ಲಿ ಇಂದು ಮೂರು ಬಗೆಯ ನವಿಲುಗಳಿವೆ. ಮೊದಲನೆಯದು ನಮ್ಮ ದೇಶದಲ್ಲಿ ಎಲ್ಲೆಡೆ ಕಾಣುವ ನೀಲಿ ನವಿಲು. ೧೭೫೮ರಲ್ಲಿ ಸ್ವೀಡನ್ ದೇಶದ ಲಿನೇಯಸ್ ಎಂಬ ವಿಜ್ಞಾನಿ ಇದಕ್ಕೆ ಪಾವೋ ಕ್ರಿಸ್ಟೇಟಸ್ ಎಂದು ಹೆಸರಿಟ್ಟನು. ಎರಡನೆಯದು ಮ್ಯಾನ್ಮಾರ್, ಥಾಯ್ಲೆಂಡ್, ವಿಯೆಟ್ನಾಂ ಮೊದಲಾದ ದೇಶಗಳಲ್ಲಿಯೂ ಜಾವಾ ದ್ವೀಪದಲ್ಲಿಯೂ ವಾಸಿಸುವ ಹಸಿರು ನವಿಲು. ೧೭೬೬ರಲ್ಲಿ ಅದೇ ಲಿನೇಯಸ್ ಅದನ್ನು ಪಾವೋ ಮ್ಯೂಟಿಕಸ್ ಎಂದು ಕರೆದನು. ಮೂರನೆಯದು ಆಫ್ರಿಕದ ಕಾಂಗೋ ಕಾಡುಗಳ ನವಿಲು. ಈ ಮೂರೂ ಕೋಳಿಯ ಕುಟುಂಬಕ್ಕೆ ಸೇರಿದವು.

ನೀಲಿ ನವಿಲನ್ನು ಹಸಿರು ನವಿಲಿನಿಂದ ಬೇರ್ಪಡಿಸುವುದು ಹೇಗೆ? ಬರಿಯ ಬಣ್ಣವನ್ನು ನಂಬಿದರೆ ಮೋಸಹೋಗುವುದು ಸುಲಭ. ನವಿಲುಗರಿಯಲ್ಲಿ ನಾವು ಕಾಣುವ ನೀಲಿ ಹಸಿರುಗಳು ಬಟ್ಟೆಗೆ ಹಾಕಿದ ಬಣ್ಣದಂತೆ ಗರಿಯೊಳಗೆ ಕುಳಿತಿಲ್ಲ. ಗರಿಯಲ್ಲಿರುವುದು ಕಂದುಬಣ್ಣದ ಒಂದು ದ್ರವ್ಯ ಮಾತ್ರ. ಅದರ ಅತಿ ಸೂಕ್ಷ್ಮವಾದ ಕಣಗಳು ಜಾಲರಿಯಂತೆ ಸಾಲುಗೊಂಡಿದ್ದು, ಬೆಳಕು ಬಿದ್ದಾಗ ಕೆಲವು ಬಣ್ಣಗಳನ್ನು ಮಾತ್ರ ನಮ್ಮ ಕಣ್ಣಿನತ್ತ ಹಿಂದಕ್ಕೆ ಕಳುಹಿಸುತ್ತವೆ. ಆದುದರಿಂದಲೇ ನವಿಲು ಕತ್ತು ಹೊರಳಿಸಿದಂತೆಲ್ಲ ಬಣ್ಣ ಹೊರಳುತ್ತದೆ. ಸರ್ ಸಿ. ವಿ. ರಾಮನ್ ಅವರು ೧೯೩೦ರ ದಶಕದಲ್ಲಿ ನಮ್ಮ ರಾಜ್ಯಪಕ್ಷಿಯಾದ ನೀಲಕಂಠದ ಗರಿಗಳ ಬಣ್ಣವನ್ನು ಕುರಿತು ಸಂಶೋಧನೆ ನಡೆಸಿದ್ದರು. ಹಕ್ಕಿಗಳ ನೀಲಿ ಬೆಳಕಿನ ಆಟವೆಂಬುದನ್ನು ಬಲ್ಲವನು ಬೆಳಗಿನ ಇಬ್ಬನಿಯಲ್ಲಿ ಹಸಿರಾಗಿ ಕಂಡ ಕತ್ತನ್ನು ನೋಡಿ ತೀರ್ಪು ಹೇಳಲಾರ.

ಬಣ್ಣಕ್ಕಿಂತ ನಂಬಿಕೆಗೆ ಅರ್ಹವಾದ ಗುರುತುಗಳು ನಾಲ್ಕು ಇವೆ. ಮೊದಲನೆಯದು ಜುಟ್ಟು. ನೀಲಿ ನವಿಲಿನ ಜುಟ್ಟು ಬಿಚ್ಚಿದ ಬೀಸಣಿಗೆಯಂತೆ. ಅದರ ಕಡ್ಡಿಗಳು ಬೋಳಾಗಿದ್ದು ತುದಿಯಲ್ಲಿ ಮಾತ್ರ ಗರಿ ಅರಳಿರುತ್ತದೆ. ಹಸಿರು ನವಿಲಿನ ಜುಟ್ಟು ನೆಟ್ಟಗೆ ನಿಂತ ಉದ್ದನೆಯ ಚವರಿಯಂತೆ. ಅದರ ಕಡ್ಡಿಗಳಿಗೆ ಬುಡದಿಂದಲೇ ಗರಿ ಇರುತ್ತದೆ. ಎರಡನೆಯದು ಮುಖ. ನೀಲಿ ನವಿಲಿನ ಕಣ್ಣಿನ ಸುತ್ತ ಬಿಳಿಯ ಚರ್ಮದ ಪಟ್ಟಿಗಳಿದ್ದರೆ, ಹಸಿರು ನವಿಲಿನ ಮುಖದಲ್ಲಿ ಹಳದಿ ಮತ್ತು ನೀಲಿ ಚರ್ಮ ಕಾಣುತ್ತದೆ. ಮೂರನೆಯದು ಕತ್ತು. ನೀಲಿ ನವಿಲಿನ ಕತ್ತಿನ ಗರಿಗಳು ರೇಷ್ಮೆಯಂತೆ ನುಣುಪಾಗಿ ಒಂದಾಗಿ ಕಾಣುತ್ತವೆ. ಹಸಿರು ನವಿಲಿನವು ಮೀನಿನ ಹುರುಪೆಗಳಂತೆ ಬಿಡಿಬಿಡಿಯಾಗಿ ಜೋಡಿಸಿಕೊಂಡಿರುತ್ತವೆ. ನಾಲ್ಕನೆಯದು ಹೆಣ್ಣು. ನಮ್ಮ ಹೆಣ್ಣು ನವಿಲು ಕಂದುಬಣ್ಣದ್ದು, ಹೊಟ್ಟೆ ಬಿಳುಪು. ಹಸಿರು ನವಿಲಿನ ಹೆಣ್ಣಾದರೋ ಹೆಚ್ಚುಕಡಿಮೆ ಗಂಡಿನಂತೆಯೇ ಬಣ್ಣಬಣ್ಣವಾಗಿರುತ್ತದೆ. ಉದ್ದನೆಯ ಸೋಗೆಯೊಂದು ಇಲ್ಲವಷ್ಟೆ.

ಸೋಗೆಯನ್ನು ನವಿಲಿನ ಬಾಲವೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಅದೂ ಸರಿಯಲ್ಲ. ನಿಜವಾದ ಬಾಲದಲ್ಲಿ ಇಪ್ಪತ್ತು ಗಿಡ್ಡ ಗರಿಗಳಿರುತ್ತವೆ. ಅವುಗಳ ಮೇಲೆ ಹೊದಿಕೆಯಾಗಿ ಬೆಳೆಯುವ ಗರಿಗಳೇ ನೀಳವಾಗಿ ಸೋಗೆಯಾಗುತ್ತವೆ. ನವಿಲು ಕುಣಿಯುವಾಗ ಹಿಂದಿನಿಂದ ನೋಡಿದರೆ ಆ ಗಿಡ್ಡ ಬಾಲ ಊರುಗೋಲಿನಂತೆ ಸೋಗೆಯನ್ನು ಎತ್ತಿಹಿಡಿದಿರುವುದು ಕಾಣುತ್ತದೆ.

ಅಪರೂಪದ ಉಪಪ್ರಭೇದಗಳ ಪ್ರಶ್ನೆ ಹುಟ್ಟುವುದು ಹಸಿರು ನವಿಲಿನಲ್ಲಿ. ಅದರಲ್ಲಿ ಮೂರು ಉಪಪ್ರಭೇದಗಳಿವೆಯೆಂದು ೧೯೪೯ರಲ್ಲಿ ಜಾನ್ ದೆಲಕೂರ್ ಎಂಬ ಫ್ರೆಂಚ್ ಪಕ್ಷಿವಿಜ್ಞಾನಿ ಪ್ರತಿಪಾದಿಸಿದನು. ಜಾವಾ ದ್ವೀಪದ್ದು ಮೊದಲನೆಯದು; ಅದರ ಮೈ ಚಿನ್ನದ ಹೊಳಪಿನ ಹಸಿರು. ಥಾಯ್ಲೆಂಡ್, ವಿಯೆಟ್ನಾಂ ಕಡೆಯದು ಎರಡನೆಯದು. ಪಶ್ಚಿಮ ಮ್ಯಾನ್ಮಾರಿನಲ್ಲಿದ್ದು ಭಾರತದ ಈಶಾನ್ಯದ ಅಂಚಿನವರೆಗೂ ಹಬ್ಬಿದ್ದುದು ಮೂರನೆಯದು; ಅದರ ಹಸಿರಿನಲ್ಲಿ ನೀಲಿಯ ಛಾಯೆ ಹೆಚ್ಚು, ಹೊಳಪು ಕಡಿಮೆ. ಕಾಡು ಕಡಿದು, ಬೇಟೆ ಮಿತಿಮೀರಿ, ಈ ಮೂರೂ ಬಹಳ ಕ್ಷೀಣಿಸಿವೆ. ಹಸಿರು ನವಿಲನ್ನು ೨೦೦೯ರಲ್ಲಿ ಅಳಿವಿನ ಅಪಾಯದಲ್ಲಿರುವ ಪಕ್ಷಿಗಳ ಜಾಗತಿಕ ಪಟ್ಟಿಗೆ ಸೇರಿಸಲಾಯಿತು. ನಮ್ಮ ನೀಲಿ ನವಿಲಿನ ಸ್ಥಿತಿ ಹೀಗಿಲ್ಲ. ಹಿಮಾಲಯದ ಬುಡದಿಂದ ಶ್ರೀಲಂಕೆಯವರೆಗೆ ಹರಡಿದ್ದರೂ ಅದು ಒಂದೇ ಪ್ರಭೇದ, ಅದರಲ್ಲಿ ಉಪಪ್ರಭೇದಗಳಿಲ್ಲ.

ಹಾಗಾದರೆ ಗೇರುಗುಡ್ಡದ ಆ ಬಿಳಿಯ ನವಿಲು ಯಾವುದು? ಅದು ನೀಲಿ ನವಿಲೇ. ಹುಟ್ಟಿನಲ್ಲಿಯೇ ಆದ ಒಂದು ಮಾರ್ಪಾಟಿನಿಂದ ಕಂದುದ್ರವ್ಯವು ಅದರ ಗರಿಗಳನ್ನು ಸೇರಿಲ್ಲ. ದ್ರವ್ಯವಿಲ್ಲದ ಮೇಲೆ ಜಾಲರಿಯಿಲ್ಲ. ಜಾಲರಿಯಿಲ್ಲದ ಮೇಲೆ ಬಣ್ಣವಿಲ್ಲ. ಅದರ ಕಣ್ಣು ಮಾತ್ರ ಸಾಮಾನ್ಯ ನವಿಲಿನಂತೆ ಕಪ್ಪಾಗಿಯೇ ಇರುವುದನ್ನು ನೋಡಬಹುದು. ಕಪ್ಪು, ಬಿಳುಪು, ಕೆಂಪು ಕೂದಲಿನ ಮನುಷ್ಯರೆಲ್ಲ ಮನುಷ್ಯರೇ ಆಗಿರುವಂತೆ, ಬಿಳಿಯ ನವಿಲೂ ನೀಲಿ ನವಿಲಿನ ಒಡಹುಟ್ಟೇ ಸರಿ.

ಈ ಬಗೆಯ ತಪ್ಪು ಹಳ್ಳಿಯವರು ಮಾತ್ರ ಮಾಡುತ್ತಾರೆಂದು ತಿಳಿಯಬಾರದು. ನೀಲಿ ನವಿಲುಗಳಲ್ಲಿ ಒಮ್ಮೊಮ್ಮೆ ರೆಕ್ಕೆಯ ಮೇಲ್ಭಾಗ ಕಪ್ಪಾಗಿರುವ ಗಂಡುಗಳು ಹುಟ್ಟುತ್ತವೆ. ಸಾಮಾನ್ಯ ಗಂಡಿಗೆ ಆ ಜಾಗದಲ್ಲಿ ಕಂದು ಮತ್ತು ಕಪ್ಪಿನ ಗೀರುಗಳಿರುತ್ತವೆ. ೧೮೬೦ರಲ್ಲಿ ಇಂಗ್ಲೆಂಡಿನ ಸ್ಕ್ಲೇಟರ್ ಎಂಬ ಪಕ್ಷಿವಿಜ್ಞಾನಿ ಇಂಥ ಕಪ್ಪುರೆಕ್ಕೆಯ ನವಿಲನ್ನು ಹೊಸ ಪ್ರಭೇದವೆಂದೇ ಭಾವಿಸಿ ಪ್ರತ್ಯೇಕ ಹೆಸರು ಕೊಟ್ಟನು. ಚಾರ್ಲ್ಸ್ ಡಾರ್ವಿನ್ ಇದನ್ನು ಒಪ್ಪಲಿಲ್ಲ. ಇಂಗ್ಲೆಂಡಿನ ಸಾಕಿದ ನವಿಲುಗಳ ಹಿಂಡುಗಳಲ್ಲಿ, ಸಾಮಾನ್ಯ ತಂದೆತಾಯಿಗಳಿಗೆ, ಇದ್ದಕ್ಕಿದ್ದಂತೆ ಕಪ್ಪುರೆಕ್ಕೆಯ ಮರಿಗಳು ಹುಟ್ಟಿದ ಸಂಗತಿಗಳನ್ನು ಆತ ಸಂಗ್ರಹಿಸಿದನು. ಹಾಗೆ ಹುಟ್ಟಿದ್ದು ಬೇರೆ ಪ್ರಭೇದವಾಗುವುದಾದರೂ ಹೇಗೆ? ಅದೊಂದು ಬಣ್ಣದ ವಿಕಲ್ಪ ಮಾತ್ರವೆಂದು ೧೮೬೮ರಲ್ಲಿ ಪ್ರಕಟವಾದ, ಸಾಕುಪ್ರಾಣಿಗಳ ಮಾರ್ಪಾಟುಗಳನ್ನು ಕುರಿತ ತನ್ನ ಗ್ರಂಥದಲ್ಲಿ ಆತ ವಾದಿಸಿದನು. ಮುಂದಿನ ಸಂಶೋಧನೆಗಳು ಅವನ ಮಾತನ್ನೇ ಸಮರ್ಥಿಸಿದವು. ಡಾರ್ವಿನ್ ಅನುಸರಿಸಿದ ಕ್ರಮವನ್ನು ನಾವು ಗಮನಿಸಬೇಕು. ಆತ ಹಕ್ಕಿಯನ್ನು ನೋಡಿದಷ್ಟಕ್ಕೇ ನಿಲ್ಲದೆ, ಅದರ ತಂದೆತಾಯಿ ಯಾರೆಂದು ಕೇಳಿದನು.

ವಯಸ್ಸು ಮತ್ತು ಋತುಗಳೂ ನೋಡುವವರನ್ನು ದಾರಿತಪ್ಪಿಸುತ್ತವೆ. ಗಂಡುಮರಿಗೆ ಎರಡನೆಯ ವರ್ಷದಲ್ಲಿ ಸೋಗೆ ಮೊಳೆಯತೊಡಗಿ ನಾಲ್ಕನೆಯ ವರ್ಷದ ಹೊತ್ತಿಗೆ ತುಂಬುತ್ತದೆ. ಅಲ್ಲಿಯವರೆಗೆ ಅದು ಗಂಡೂ ಅಲ್ಲದ ಹೆಣ್ಣೂ ಅಲ್ಲದ ಹೊಸ ಹಕ್ಕಿಯಂತೆ ತೋರುತ್ತದೆ. ತುಂಬು ಪ್ರಾಯದ ಗಂಡೂ ಸಂತಾನಕಾಲ ಮುಗಿದ ಮೇಲೆ ಪ್ರತಿವರ್ಷ ಸೋಗೆಯನ್ನು ಉದುರಿಸಿ ಮೊಂಡಾಗಿ ತಿರುಗುತ್ತದೆ. ಆಗ ಅದನ್ನು ಕಂಡವರು ‘ಸೋಗೆಯಿಲ್ಲದ ಜಾತಿ’ ಎಂದರೆ ಆಶ್ಚರ್ಯವಿಲ್ಲ.

ತಪ್ಪು ಗುರುತಿನ ಇನ್ನೊಂದು ಮುಖವೂ ಇದೆ. ಇರುವುದನ್ನು ಬೇರೆಯೆಂದು ತಿಳಿಯುವಂತೆಯೇ, ಬೇರೆಯಾದುದನ್ನು ಇರುವುದೇ ಎಂದು ತಳ್ಳಿಹಾಕುವುದೂ ಉಂಟು. ಕಾಂಗೋ ನವಿಲಿನ ಕಥೆ ಇಂಥದು. ೧೯೧೩ರಲ್ಲಿ ಅಮೆರಿಕದ ಜೇಮ್ಸ್ ಚಾಪಿನ್ ಎಂಬ ಪಕ್ಷಿವಿಜ್ಞಾನಿ ಆಫ್ರಿಕದ ಕಾಂಗೋ ಕಾಡಿನಲ್ಲಿ ಸಂಚರಿಸುತ್ತಿದ್ದಾಗ, ಅಲ್ಲಿಯ ನಿವಾಸಿಯೊಬ್ಬನ ತಲೆಯುಡುಗೆಯಲ್ಲಿ ಕಂದು ಪಟ್ಟೆಗಳ ಒಂದು ಗರಿಯನ್ನು ಕಂಡನು. ಅದು ಯಾವ ಹಕ್ಕಿಯದೆಂದು ಅವನಿಗೆ ತಿಳಿಯಲಿಲ್ಲ. ಅದನ್ನು ಜೋಪಾನವಾಗಿ ಇಟ್ಟುಕೊಂಡನು. ಇಪ್ಪತ್ತಮೂರು ವರ್ಷಗಳ ಮೇಲೆ, ೧೯೩೬ರಲ್ಲಿ, ಬೆಲ್ಜಿಯಂ ದೇಶದ ಟರ್ವೂರೆನ್ ವಸ್ತುಸಂಗ್ರಹಾಲಯದಲ್ಲಿ ಮೂಲೆಗೆ ಸರಿಸಿದ್ದ ಎರಡು ಹಕ್ಕಿಗಳ ಒಣಗಿದ ದೇಹಗಳು ಅವನ ಕಣ್ಣಿಗೆ ಬಿದ್ದವು. ಅವುಗಳಿಗೆ ಭಾರತದ ನವಿಲಿನ ಮರಿಗಳೆಂದು ಚೀಟಿ ಅಂಟಿಸಲಾಗಿತ್ತು. ಅವುಗಳಲ್ಲಿ ಹೆಣ್ಣಿನ ರೆಕ್ಕೆಯ ಗರಿ ತನ್ನಲ್ಲಿದ್ದ ಗರಿಯಂತೆಯೇ ಇರುವುದನ್ನು ಅವನು ಕಂಡನು. ಹೀಗೆ ಆಫ್ರಿಕದಲ್ಲಿಯೂ ಒಂದು ನವಿಲಿದೆಯೆಂಬ ಸತ್ಯ ಬೆಳಕಿಗೆ ಬಂದಿತು. ಒಂದು ತಪ್ಪು ಚೀಟಿ ಒಂದು ಪ್ರಭೇದವನ್ನೇ ವರ್ಷಗಟ್ಟಲೆ ಮರೆಮಾಡಿತ್ತು.

ಈಗ ಎರಡನೆಯ ಪ್ರಶ್ನೆ. ಅಪರೂಪದ ನವಿಲೊಂದನ್ನು ಸರಿಯಾಗಿಯೇ ಗುರುತಿಸಿದೆವೆನ್ನೋಣ. ಅದರ ಸಂತತಿಯನ್ನು ಬೆಳೆಸುವುದು ಹೇಗೆ? ಕಾಡಿನಲ್ಲಿ ನವಿಲು ಏನು ಮಾಡುತ್ತದೆಂಬುದನ್ನು ಮೊದಲು ತಿಳಿಯಬೇಕು. ದಕ್ಷಿಣ ಭಾರತದಲ್ಲಿ ನವಿಲಿನ ಸಂತಾನಕಾಲವು ಏಪ್ರಿಲ್, ಮೇ ತಿಂಗಳುಗಳಲ್ಲಿ ಭರದಿಂದಿರುತ್ತದೆ. ಗಂಡುಗಳು ತಮ್ಮ ತಮ್ಮ ಕುಣಿಯುವ ಜಾಗಗಳನ್ನು ಹಿಡಿದು ಸೋಗೆ ಬಿಚ್ಚಿ ನಿಲ್ಲುತ್ತವೆ, ಆಯ್ಕೆ ಹೆಣ್ಣಿನದು. ಹೆಣ್ಣು ಪೊದೆಯ ಮರೆಯಲ್ಲಿ ನೆಲವನ್ನು ಕೊಂಚ ಕೆದರಿ, ಸಾಮಾನ್ಯವಾಗಿ ನಾಲ್ಕರಿಂದ ಎಂಟರವರೆಗೆ ಮೊಟ್ಟೆಗಳನ್ನಿಟ್ಟು, ಸುಮಾರು ೨೮ ದಿನ ಒಂಟಿಯಾಗಿ ಕಾವು ಕೊಡುತ್ತದೆ. ಒಡೆದು ಹೊರಬಂದ ಮರಿಗಳು ಕೆಲವೇ ಹೊತ್ತಿನಲ್ಲಿ ಎದ್ದು ತಾಯಿಯ ಹಿಂದೆ ಓಡುತ್ತವೆ. ಏನನ್ನು ತಿನ್ನಬೇಕು, ಯಾವುದಕ್ಕೆ ಹೆದರಬೇಕು, ಇರುಳಿಗೆ ಎಲ್ಲಿ ಏರಿ ಕೂರಬೇಕು ಎಂಬುದನ್ನೆಲ್ಲ ಅವು ಕಲಿಯುವುದು ತಾಯಿಯ ಬೆನ್ನ ಹಿಂದೆಯೇ.

ಮೊಟ್ಟೆಗಳನ್ನು ತಂದು ಕಾವಿನ ಕೋಳಿಯ ಅಡಿಯಲ್ಲಿಟ್ಟರೂ ಮರಿಯಾಗುತ್ತದೆ, ಯಂತ್ರದಲ್ಲಿಟ್ಟರೂ ಆಗುತ್ತದೆ. ಆದರೆ ಹಾಗೆ ಹುಟ್ಟಿದ ಮರಿ ನವಿಲಾಗಿ ಬಾಳಲು ಕಲಿಯುತ್ತದೆಂಬ ಭರವಸೆಯಿಲ್ಲ. ಕೋಳಿಗಳಿಂದ ನವಿಲುಮರಿಗಳಿಗೆ ತಗಲುವ ಮಾರಕ ರೋಗಗಳೂ ಇವೆ. ಪ್ರಾಣಿಗಳ ವರ್ತನೆಯನ್ನು ಅಭ್ಯಾಸ ಮಾಡಿ ನೊಬೆಲ್ ಪಾರಿತೋಷಕ ಪಡೆದ ಕೊನ್ರಾಡ್ ಲೊರೆನ್ಸ್ ಒಂದು ಸಂಗತಿಯನ್ನು ಹೇಳಿದ್ದಾನೆ. ವಿಯೆನ್ನಾ ನಗರದ ಮೃಗಾಲಯದಲ್ಲಿ ಚಳಿಯಿಂದ ಉಳಿದುಕೊಂಡ ಒಂದೇ ಒಂದು ಬಿಳಿ ನವಿಲುಮರಿಯನ್ನು, ಬೆಚ್ಚಗಿರಲೆಂದು, ದೈತ್ಯ ಆಮೆಗಳ ಕೋಣೆಯಲ್ಲಿ ಬೆಳೆಸಿದರು. ಪ್ರಾಯಕ್ಕೆ ಬಂದ ಆ ನವಿಲು ಜೀವಮಾನವೆಲ್ಲ ಆಮೆಗಳೆದುರಿಗೆ ಸೋಗೆ ಬಿಚ್ಚಿ ಕುಣಿಯಿತೇ ಹೊರತು ಹೆಣ್ಣು ನವಿಲುಗಳತ್ತ ತಿರುಗಿಯೂ ನೋಡಲಿಲ್ಲ. ನಗು ತರಿಸುವ ಈ ಸಂಗತಿಯ ಹಿಂದೆ ದುಃಖದ ಒಂದು ಸತ್ಯವಿದೆ: ಜೀವವನ್ನು ಉಳಿಸುವುದು ಬೇರೆ, ಆ ಜೀವದ ಬಾಳನ್ನು ಉಳಿಸುವುದು ಬೇರೆ.

ಇದಕ್ಕಿಂತ ದೊಡ್ಡ ಅಪಾಯ ಮಿಶ್ರಣದ್ದು. ನೀಲಿ ನವಿಲನ್ನೂ ಹಸಿರು ನವಿಲನ್ನೂ ಒಂದೇ ಗೂಡಿನಲ್ಲಿಟ್ಟರೆ ಅವು ಕೂಡಿ ಮರಿ ಮಾಡುತ್ತವೆ. ಆ ಮರಿಗಳಿಗೂ ಮರಿಗಳಾಗುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥ ಮಿಶ್ರ ನವಿಲುಗಳನ್ನು ಬೆಳೆಸಿದ ಸ್ಪಾಲ್ಡಿಂಗ್ ಎಂಬವರ ಹೆಸರಿನಿಂದ ಇವನ್ನು ಸ್ಪಾಲ್ಡಿಂಗ್ ನವಿಲುಗಳೆಂದೇ ಕರೆಯುತ್ತಾರೆ. ನೋಡಲು ಅವು ಬಲು ಚೆಲುವು. ಆದರೆ ತಲೆಮಾರು ಕಳೆದಂತೆ ಅವು ಹಸಿರು ನವಿಲನ್ನು ಎಷ್ಟು ಹೋಲುತ್ತವೆಂದರೆ, ನುರಿತವರೂ ಬರಿಗಣ್ಣಿನಿಂದ ಬೇರ್ಪಡಿಸುವುದು ಕಷ್ಟವಾಗುತ್ತದೆ. ಜಾವಾದ ಗಂಡನ್ನು ಥಾಯ್ಲೆಂಡಿನ ಹೆಣ್ಣಿನೊಡನೆ ಕೂಡಿಸಿದರಂತೂ ಗುರುತು ಇನ್ನೂ ಬೇಗ ಅಳಿಸಿಹೋಗುತ್ತದೆ. ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸವನ್ನು ಕುರಿತು ನಾವು ಕೇಳಿದ್ದೇವೆ. ಬೆರೆತ ವಂಶಗಳನ್ನು ಬೇರ್ಪಡಿಸುವ ಹಂಸ ಯಾವ ಸರೋವರದಲ್ಲಿಯೂ ಇಲ್ಲ. ಗುಂಡೇಟಿನಿಂದ ಸಾಯದೆ ಉಳಿದ ಉಪಪ್ರಭೇದವೊಂದು ಪ್ರೀತಿಯಿಂದ ಸಾಕಿದವರ ಗೂಡಿನಲ್ಲಿಯೇ ಕರಗಿಹೋಗಬಹುದು.

ಆದುದರಿಂದ ಅಪರೂಪದ ಪಕ್ಷಿಗಳ ಸಂತತಿಯನ್ನು ಬೆಳೆಸುವ ಮೃಗಾಲಯಗಳಲ್ಲಿ ಕಟ್ಟುನಿಟ್ಟಾದ ಕ್ರಮವೊಂದಿದೆ. ಪ್ರತಿಯೊಂದು ಹಕ್ಕಿಯ ಕಾಲಿಗೂ ಸಂಖ್ಯೆಯಿರುವ ಬಳೆ ತೊಡಿಸುತ್ತಾರೆ. ಅದು ಎಲ್ಲಿ ಹುಟ್ಟಿತು, ಅದರ ತಂದೆ ಯಾವುದು, ತಾಯಿ ಯಾವುದು, ಯಾವ ಕಾಡಿನಿಂದ ಆ ವಂಶ ಬಂದಿತು ಎಂಬುದನ್ನೆಲ್ಲ ವಂಶಾವಳಿಯ ಪುಸ್ತಕದಲ್ಲಿ ದಾಖಲಿಸುತ್ತಾರೆ. ಹತ್ತಿರದ ರಕ್ತಸಂಬಂಧಿಗಳನ್ನು ಜೋಡಿ ಮಾಡುವುದಿಲ್ಲ. ಮಾಡಿದರೆ ಮೊಟ್ಟೆಗಳು ಒಡೆಯದೆ ಹೋಗುತ್ತವೆ, ಮರಿಗಳು ದುರ್ಬಲವಾಗುತ್ತವೆ. ಸಂದೇಹವಿದ್ದಲ್ಲಿ ರಕ್ತವನ್ನೋ ಗರಿಯನ್ನೋ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ವಂಶವನ್ನು ಖಚಿತಪಡಿಸಿಕೊಳ್ಳುತ್ತಾರೆ. ಕಾಂಗೋ ನವಿಲಿಗೆ ಇಂಥ ವಂಶಾವಳಿಯನ್ನು ಬೆಲ್ಜಿಯಂನ ಆಂಟ್ವರ್ಪ್ ಮೃಗಾಲಯವು ನೋಡಿಕೊಳ್ಳುತ್ತ ಬಂದಿದೆ. ನಮ್ಮ ದೇಶದಲ್ಲಿ, ಹಿಮಾಚಲ ಪ್ರದೇಶದ ಸರಾಹನ್ ಎಂಬಲ್ಲಿ, ನವಿಲಿನ ಕುಟುಂಬಕ್ಕೇ ಸೇರಿದ ಪಶ್ಚಿಮ ಟ್ರಾಗೋಪಾನ್ ಎಂಬ ಅಪರೂಪದ ಹಕ್ಕಿಯನ್ನು ಬಹಳ ಶ್ರಮದಿಂದ ಹೀಗೆ ಬೆಳೆಸಲಾಗುತ್ತಿದೆ. ಇದು ಒಬ್ಬ ವ್ಯಕ್ತಿ ಹಿತ್ತಿಲಿನಲ್ಲಿ ಮಾಡುವ ಕೆಲಸವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಘಟ್ಟ ಹತ್ತಿ ಪೂರ್ವಕ್ಕೆ ಹೋದರೆ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ ಹಳೆಯದೊಂದು ಕೋಟೆಯಿದೆ. ಅಲ್ಲಿ ಖಿಲಾರಿ ತಳಿಯ ದನಗಳ ಸಂವರ್ಧನ ಕೇಂದ್ರವಿದೆ. ಅದೇ ಕೋಟೆಯ ಸುಮಾರು ೧೩೯ ಎಕರೆ ಪ್ರದೇಶ ೨೦೦೬ರಿಂದ ನವಿಲುಗಳ ರಕ್ಷಿತ ನೆಲೆಯೂ ಆಗಿದೆ. ಒಂದೇ ಆವರಣದಲ್ಲಿ ಎರಡು ಬಗೆಯ ಪೋಷಣೆಯನ್ನು ಇಲ್ಲಿ ಕಾಣಬಹುದು. ಖಿಲಾರಿ ಹೋರಿಯನ್ನು ಮನುಷ್ಯ ಆರಿಸಬೇಕು, ಜೋಡಿ ಕೂಡಿಸಬೇಕು, ದಾಖಲೆಯಿಡಬೇಕು. ಅವನು ಕೈಬಿಟ್ಟರೆ ತಳಿ ಕೆಡುತ್ತದೆ. ನವಿಲಿಗೆ ಮಾಡಬೇಕಾದುದು ಇಷ್ಟೇ: ಪೊದೆ ಉಳಿಸುವುದು, ಕಂದಕ ಉಳಿಸುವುದು, ಕಲ್ಲೆಸೆಯದಿರುವುದು. ಉಳಿದುದನ್ನು ಅದು ತಾನೇ ನೋಡಿಕೊಳ್ಳುತ್ತದೆ. ೧೯೮೧ರಲ್ಲಿ ಮಂಡ್ಯ ಜಿಲ್ಲೆಯ ಆದಿಚುಂಚನಗಿರಿಯ ಬೆಟ್ಟವನ್ನು ನವಿಲುಧಾಮವೆಂದು ಘೋಷಿಸಿದಾಗಲೂ ಇದೇ ತತ್ತ್ವವಿತ್ತು.

ಕೊನೆಗೆ ನಮ್ಮ ಕರಾವಳಿಗೆ ಮರಳೋಣ. ನವಿಲು ಮೂಲತಃ ಒಣ ಎಲೆಯುದುರು ಕಾಡು, ಕುರುಚಲು ಮತ್ತು ಬಯಲುಗಳ ಹಕ್ಕಿ. ನಮ್ಮ ಜಿಲ್ಲೆಯಲ್ಲಿ ಹಳಿಯಾಳ, ಮುಂಡಗೋಡಗಳ ಕಡೆಯ ನೆಲ ಅದಕ್ಕೆ ಒಗ್ಗುವಂಥದು. ಇತ್ತೀಚಿನ ದಶಕಗಳಲ್ಲಿ ದೇಶದ ಹಲವೆಡೆ ಅದರ ಸಂಖ್ಯೆ ಹೆಚ್ಚಿದೆಯೆಂದು ೨೦೨೦ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿ ತಿಳಿಸಿತು. ಹೆಚ್ಚು ಮಳೆ ಬೀಳುವ ಕೇರಳದಲ್ಲಿಯೂ ಅದು ಹೊಸ ಹೊಸ ಪ್ರದೇಶಗಳಿಗೆ ಹರಡುತ್ತಿರುವುದನ್ನು ಸಂಶೋಧಕರು ಗುರುತಿಸಿ, ನೆಲ ಒಣಗುತ್ತಿರುವುದರ ಸೂಚನೆ ಇದಾಗಿರಬಹುದೆಂದು ಎಚ್ಚರಿಸಿದ್ದಾರೆ. ದಟ್ಟ ಕಾಡು ತೆರವಾಗಿ ತೋಪು, ಬೇಣ, ಬೋಳುಗುಡ್ಡಗಳಾದಂತೆ ನವಿಲಿಗೆ ದಾರಿ ತೆರೆಯುತ್ತದೆ. ಹೀಗಾಗಿ ನವಿಲಿನ ಕೂಗನ್ನು ಕೇಳಿ ಸಂತೋಷಪಡುವ ನಾವು, ಅದು ಏನನ್ನು ಹೇಳಲು ಬಂದಿದೆಯೆಂದೂ ಯೋಚಿಸಬೇಕಾಗುತ್ತದೆ.

ಬಿತ್ತಿದ ಕಾಳನ್ನೂ ಎಳೆಯ ಸಸಿಯನ್ನೂ ನವಿಲು ತಿನ್ನುತ್ತದೆ. ಶೇಂಗಾ, ಭತ್ತ, ತರಕಾರಿ ಬೆಳೆಯುವ ರೈತನ ಅಳಲು ಸುಳ್ಳಲ್ಲ. ಬಲೆ ಹರಡುವುದು, ಕಾವಲು ಕಾಯುವುದು, ಸದ್ದು ಮಾಡಿ ಓಡಿಸುವುದು ಅವನ ಹಕ್ಕು. ಆದರೆ ವಿಷವಿಡುವುದಾಗಲಿ, ಉರುಳು ಹಾಕುವುದಾಗಲಿ ಅಪರಾಧ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ನವಿಲು ಸೇರಿದೆ. ಅದನ್ನು ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲ, ಅದರ ಗೂಡನ್ನು ಕೆಡಿಸುವುದು, ಮೊಟ್ಟೆಗಳನ್ನು ಕದಲಿಸುವುದೂ ಈ ಕಾಯಿದೆಯಂತೆ ಬೇಟೆಯೆನಿಸಿಕೊಳ್ಳುತ್ತದೆ. ಅದಕ್ಕೆ ಮೂರರಿಂದ ಏಳು ವರ್ಷಗಳವರೆಗೆ ಸೆರೆವಾಸವಿದೆ. ಬಿಳಿಯ ನವಿಲಿಗೂ ಇದೇ ಕಾನೂನು. ಏಕೆಂದರೆ ಅದು ಬೇರೆ ಜಾತಿಯಲ್ಲ, ನಮ್ಮ ನವಿಲೇ. ತಾನಾಗಿ ಉದುರಿದ ಗರಿಯನ್ನು ಆಯ್ದು ಪುಸ್ತಕದಲ್ಲಿಟ್ಟುಕೊಳ್ಳುವುದಕ್ಕೆ ಮಾತ್ರ ಅಡ್ಡಿಯಿಲ್ಲ.

ಆದಕಾರಣ ಗೇರುಗುಡ್ಡದಲ್ಲಿ ವಿಚಿತ್ರವಾದ ನವಿಲೊಂದು ಕಂಡರ ವಿದ್ಯಾರ್ಥಿಯು ಮಾಡಬೇಕಾದುದು ಹೀಗಿದೆ. ದೂರದಲ್ಲಿ ನಿಂತು ಜುಟ್ಟು, ಮುಖ, ಕತ್ತು, ರೆಕ್ಕೆಗಳನ್ನು ನಿಧಾನವಾಗಿ ನೋಡಬೇಕು. ಅದರ ಜೊತೆಯಲ್ಲಿರುವ ಹಕ್ಕಿಗಳು ಯಾವುವೆಂದು ಗಮನಿಸಬೇಕು. ದಿನ, ಹೊತ್ತು, ಸ್ಥಳಗಳೊಡನೆ ಕಂಡದ್ದನ್ನು ಕಂಡಂತೆಯೇ ಬರೆದಿಡಬೇಕು. ಹಕ್ಕಿಗೆ ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ನೆಲದ ಮೇಲೆ ಮೊಟ್ಟೆಗಳು ಕಂಡರೆ ಮುಟ್ಟದೆ ಹಿಂದಿರುಗಬೇಕು. ತಾಯಿ ದೂರ ಹೋಗಿಲ್ಲ, ನಾವು ಹೋಗುವುದನ್ನೇ ಕಾಯುತ್ತಿದೆ.

ಚಾಪಿನ್ ಒಂದು ಗರಿಯನ್ನು ಇಪ್ಪತ್ತಮೂರು ವರ್ಷ ಕಾಪಾಡಿಕೊಂಡನು; ಅದನ್ನು ಏನೆಂದು ಕರೆಯಬೇಕೆಂಬುದಕ್ಕೆ ಅವನು ಅವಸರಪಡಲಿಲ್ಲ. ತಿಳಿಯದಿರುವಾಗ ಹೆಸರಿಡದೆ ತಾಳುವುದು, ತಿಳಿದ ಮೇಲೆ ಹೆಸರಿಗೆ ತಕ್ಕಂತೆ ನಡೆಯುವುದು, ಇವೆರಡೂ ಜೀವಲೋಕಕ್ಕೆ ನಾವು ಸಲ್ಲಿಸಬೇಕಾದ ಗೌರವ. ನವಿಲಿನ ಸೊಬಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಗುರುತು ಮಾತ್ರ ತಾಳ್ಮೆಯಿಂದ ನೋಡುವವನಿಗೆ ದೊರೆಯುತ್ತದೆ. ಮತ್ತು ಹಾಗೆ ನೋಡಬಲ್ಲವನಿಂದಲೇ ಅದರ ಉಳಿವು ಸಾಧ್ಯವಾಗುತ್ತದೆ.